ಮಾಗಿಯ ಕಾಗೆಗಳು

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟು, ಬೆಳಗಿನ ಮಂಜು ದೇವರಾಯನದುರ್ಗದ ಬೆಟ್ಟಸಾಲನ್ನು ಬಹಳ ಹೊತ್ತಿನವರೆಗೂ ಮರೆಮಾಡತೊಡಗುವ ಕಾಲಕ್ಕೆ, ತುಮಕೂರಿನ ಸಂಜೆಯ ಆಕಾಶದಲ್ಲಿ ಪ್ರತಿವರ್ಷವೂ ತಪ್ಪದೆ ಒಂದು ವ್ಯಾಪಾರ ಆರಂಭವಾಗುತ್ತದೆ. ಬಿಸಿಲು ಇನ್ನೂ ಮಾಳಿಗೆಗಳ ಮೇಲಿರುವಾಗಲೇ, ಬಿ.ಎಚ್. ರಸ್ತೆಯ ವಾಹನಗಳ ಮೊರೆತ ಇನ್ನೂ ಏರುತ್ತಿರುವಾಗಲೇ, ಗುಬ್ಬಿಯ ದಿಕ್ಕಿನಿಂದ, ಕುಣಿಗಲ್ ರಸ್ತೆಯ ದಿಕ್ಕಿನಿಂದ, ಕ್ಯಾತಸಂದ್ರದ ಕಡೆಯಿಂದ, ಎರಡಾಗಿ, ಐದಾಗಿ, ಹತ್ತಾಗಿ ಕಾಗೆಗಳು ಬರತೊಡಗುತ್ತವೆ. ಅವು ನೇರವಾಗಿ ಮಲಗುವ ಮರಕ್ಕೆ ಹೋಗುವುದಿಲ್ಲ. ಮೊದಲು ನೀರಿನ ಟ್ಯಾಂಕುಗಳ ಅಂಚಿನಲ್ಲಿ, ಮೊಬೈಲು ಗೋಪುರಗಳ ಅಡ್ಡಪಟ್ಟಿಗಳ ಮೇಲೆ, ಕಟ್ಟಿ ಮುಗಿಯದ ಕಟ್ಟಡಗಳ ಕಂಬಿಗಳ ತುದಿಯಲ್ಲಿ ಕುಳಿತು, ಹಿಂದೆ ಉಳಿದವರ ಹಾದಿಯನ್ನು ಕಾಯುತ್ತವೆ. ಗುಂಪಿಗೆ ಗುಂಪು ಕೂಡಿ, ಕೂಗು ಕೂಗಿಗೆ ಬೆಸೆದು, ಕತ್ತಲು ಕವಿಯುವ ಹೊತ್ತಿಗೆ ಒಮ್ಮೆಲೇ ಎದ್ದು, ಅಮಾನಿಕೆರೆಯ ಕಡೆಯ ಹಳೆಯ ಮರಗಳಲ್ಲಿ ಇಳಿದು ಅಡಗುತ್ತವೆ. ಇದನ್ನು ನಿಂತು ನೋಡುವ ವಿರಾಮ ನನಗೆ ದೊರೆತದ್ದು ನಿವೃತ್ತನಾದ ಮೇಲೆ. ಈ ಮಾಗಿಯಲ್ಲಿ ನೋಡುತ್ತ ನೋಡುತ್ತ, ಇದೇ ಕರಿಯ ರೆಕ್ಕೆಗಳ ಕೆಳಗೆ ಕಳೆದುಹೋದ ನನ್ನ ಆಯುಷ್ಯದ ಮೂರು ಕಾಲಖಂಡಗಳು, ಗುಬ್ಬಿ ಸೀಮೆಯ ಒಂದು ಕಣ, ಕುಣಿಗಲಿನ ಕೆರೆಯ ಏರಿ, ತುಮಕೂರಿನ ಮಂಡಿಯ ಓಣಿ, ಒಂದರ ಹಿಂದೊಂದು ಬಂದು ನಿಂತಿವೆ.

ಕಾಗೆಗಳು ವರ್ಷವಿಡೀ ಹೀಗೆ ಗುಂಪುಗೂಡುವುವಲ್ಲ. ಬೇಸಗೆಯಲ್ಲಿ ಗೂಡು ಕಟ್ಟುವ ಕಾಲ ಬಂದಿತೆಂದರೆ ಪ್ರತಿಯೊಂದು ಜೋಡಿಯೂ ತನ್ನ ಕೊಂಬೆಯನ್ನು ತಾನು ಕಾದುಕೊಂಡು, ಸ್ವಜಾತಿಯವರನ್ನು ಸಹ ಸಮೀಪಕ್ಕೆ ಸೇರಿಸದೆ, ಕೋಗಿಲೆ ಕದ್ದು ಇಟ್ಟುಹೋದ ಮೊಟ್ಟೆಗೂ ತನ್ನದೆಂದೇ ಕಾವು ಕೊಡುತ್ತ ದಿನಗಳೆಯುತ್ತದೆ. ಮರಿಗಳ ರೆಕ್ಕೆ ಬಲಿತು, ಮಳೆಗಾಲ ಹಿಂದೆಗೆದು, ರಾತ್ರಿಗಳು ದೀರ್ಘವಾಗತೊಡಗಿದ ಮೇಲೆ ಆ ಪ್ರತ್ಯೇಕತೆ ಕರಗುತ್ತದೆ. ಸುತ್ತಲ ಊರುಗಳಲ್ಲಿ ಹಗಲೆಲ್ಲ ಹರಡಿ ಮೇದ ಹಕ್ಕಿಗಳು ಇರುಳಿಗೆ ಒಂದೆಡೆ ಸೇರುತ್ತವೆ. ಬಯಲಿಗಿಂತ ಊರಿನ ಒಳಗೆ ರಾತ್ರಿಯ ಚಳಿ ಒಂದಿಷ್ಟು ಕಡಿಮೆ. ಹಗಲೆಲ್ಲ ಬಿಸಿಲು ಕುಡಿದ ಗೋಡೆಗಳೂ ರಸ್ತೆಗಳೂ ಕತ್ತಲಾದ ಮೇಲೂ ಶಾಖವನ್ನು ಬಿಟ್ಟುಕೊಡುತ್ತಿರುತ್ತವೆ. ಬೀದಿದೀಪದ ಬೆಳಕಿನಲ್ಲಿ ಗೂಬೆಯ ಬರವು ದೂರದಿಂದಲೇ ಗೋಚರಿಸುತ್ತದೆ. ನೂರಾರು ಕಣ್ಣುಗಳಲ್ಲಿ ಒಂದಾದರೂ ಎಚ್ಚತ್ತಿರುತ್ತದೆ. ಇಷ್ಟೇ ಅಲ್ಲದೆ, ಇಂತಹ ಇರುಳುನೆಲೆಗಳು ಹಕ್ಕಿಗಳಿಗೆ ವಾರ್ತಾಕೇಂದ್ರಗಳೂ ಆಗಿರಬಹುದೆಂದು ಪೀಟರ್ ವಾರ್ಡ್ ಮತ್ತು ಅಮೋಟ್ಸ್ ಜಹಾವಿ ಎಂಬ ವಿದ್ವಾಂಸರು 1973ರಲ್ಲಿ ಪ್ರತಿಪಾದಿಸಿದರು: ಹಿಂದಿನ ದಿನ ಹೊಟ್ಟೆ ತುಂಬದೆ ಬಂದ ಹಕ್ಕಿ, ತುಂಬಿಬಂದ ಹಕ್ಕಿಯ ಬೆನ್ನು ಹಿಡಿದು ಬೆಳಗ್ಗೆ ಹೊರಡುತ್ತದೆ ಎಂಬುದು ಅವರ ಊಹೆ. ಅದನ್ನು ಒಪ್ಪುವವರೂ ಉಂಟು, ಒಪ್ಪದವರೂ ಉಂಟು. ಹಸಿದವನಿಗೆ ಸಮೂಹದಲ್ಲಿ ಒಂದು ದಾರಿ ದೊರೆಯುತ್ತದೆಂಬ ಆ ಭಾವನೆ ಮಾತ್ರ, ಒಂದು ಅಗುಳನ್ನು ಕಂಡರೂ ಬಳಗವನ್ನು ಕರೆಯುವ ಕಾಗೆಯನ್ನು ಬಸವಣ್ಣನವರ ವಚನದಲ್ಲಿ ಕೇಳಿ ಬೆಳೆದ ನಮಗೆ ಹೊಸದೆನಿಸುವುದಿಲ್ಲ.

ನನ್ನ ಬಾಲ್ಯ ಕಳೆದುದು ಗುಬ್ಬಿಯಿಂದ ಕಡಬದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಹಿತ್ತಲಲ್ಲಿ ಅಡಕೆಯ ತೋಟ, ಅಟ್ಟದ ಮೇಲೆ ಉಂಡೆಕೊಬ್ಬರಿಗೆಂದು ಒಣಗಲು ಬಿಟ್ಟ ತೆಂಗಿನಕಾಯಿಯ ರಾಶಿ, ಮನೆಯ ಮುಂದೆ ಸಗಣಿ ಬಳಿದ ಕಣ. ಉಂಡುಡಲು ಕೊರತೆಯಿಲ್ಲದ ಬೇಸಾಯಗಾರರ ಮನೆ ನಮ್ಮದು. ಆ ಮನೆಯ ಯಜಮಾನಿಕೆ ನಮ್ಮ ಅಜ್ಜಿಯದು. ಮುದ್ದೆ ಕಟ್ಟಿದೊಡನೆ ಬೇರೆ ಯಾರ ತಟ್ಟೆಗೂ ಬಡಿಸುವ ಮುನ್ನ ಹಿಡಿಯಷ್ಟನ್ನು ಮುರಿದು, ಅದರ ಮೇಲೆ ಒಂದಿಷ್ಟು ಸಾರು ತೋಕಿ, ಹಿತ್ತಲ ಗೋಡೆಯ ಹೆಂಚಿನ ಮೇಲಿಟ್ಟು, ಸೆರಗನ್ನು ತಲೆಗೆಳೆದುಕೊಂಡು "ಕಾ ಕಾ" ಎಂದು ಆಕೆ ಕರೆಯುತ್ತಿದ್ದ ಧ್ವನಿ ಇಂದಿಗೂ ನನ್ನ ಕಿವಿಯಲ್ಲಿದೆ. ಮಹಾಲಯ ಅಮಾವಾಸ್ಯೆಯಂದಂತೂ, ತಾತನಿಗೆ ಪ್ರಿಯವಾಗಿದ್ದ ಭಕ್ಷ್ಯಗಳನ್ನೆಲ್ಲ ಮುತ್ತುಗದ ಎಲೆಯಲ್ಲಿ ಎಡೆಮಾಡಿ ಸೂರಿನ ಮೇಲಿಟ್ಟು, ಕಾಗೆ ಬಂದು ಮುಟ್ಟುವ ತನಕ ಮನೆಯಲ್ಲಿ ಯಾರೂ ತುತ್ತೆತ್ತುವಂತಿರಲಿಲ್ಲ. ಆ ಶ್ರದ್ಧೆಯಲ್ಲಿ ಕಪಟವೆಂಬುದು ಲವಲೇಶವೂ ಇರಲಿಲ್ಲ. ಸತ್ತವರು ನಮ್ಮನ್ನು ಪೂರ್ತಿಯಾಗಿ ಬಿಟ್ಟುಹೋಗಿಲ್ಲವೆಂಬ ಧೈರ್ಯವನ್ನು ಒಂದು ಹಕ್ಕಿಯ ಮೂಲಕ ದಿನದಿನವೂ ಪಡೆಯಬಲ್ಲ ಆ ಜೀವಕ್ಕೆ, ನಾವಿಂದು ಪುಸ್ತಕಗಳಿಂದ ಪಡೆಯಲು ಯತ್ನಿಸುವ ಸಮಾಧಾನ ಅನಾಯಾಸವಾಗಿ ಸಿದ್ಧಿಸಿದ್ದಿತು.

ಆದರೆ ಅದೇ ಹಿತ್ತಲಲ್ಲಿ, ಅದೇ ಗೋಡೆಯ ಬುಡದಲ್ಲಿ, ಕೊಟ್ಟಿಗೆಯ ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡು ಕುಕ್ಕರಗಾಲಿನಲ್ಲಿ ಕುಳಿತಿರುತ್ತಿದ್ದ ಇನ್ನೊಂದು ಜೀವವಿದ್ದಿತು. ಅವನಪ್ಪ ಎಂದೋ ಮಾಡಿದ ಸಾಲಕ್ಕೆ ನಮ್ಮ ಮನೆಯಲ್ಲಿ ಜೀತಕ್ಕಿದ್ದ ಹುಡುಗ. ನನಗಿಂತ ಮೂರು ನಾಲ್ಕು ವರ್ಷ ಹಿರಿಯನಿದ್ದಿರಬೇಕು. ಹೆಂಚಿನ ಮೇಲೆ ಕಾಗೆಯ ತುತ್ತು ಬಿದ್ದ ಮೇಲೆ ಗಂಡಸರ ಊಟ, ಅನಂತರ ಮಕ್ಕಳದು, ಅನಂತರ ಹೆಂಗಸರದು, ಅದೂ ಮುಗಿದ ಮೇಲೆ ಅವನದು. ಮೊದಲ ತುತ್ತಿಗೂ ಕೊನೆಯ ತುತ್ತಿಗೂ ನಡುವೆ ಎರಡು ಗಳಿಗೆ ಕಳೆಯುತ್ತಿದ್ದಿತು. ಅಷ್ಟು ಹೊತ್ತೂ ಅವನು ಹೆಂಚಿನ ಮೇಲೆ ಕಾಗೆಗಳು ಕಿತ್ತಾಡಿ ತಿನ್ನುವುದನ್ನು ಕತ್ತೆತ್ತಿ ನೋಡುತ್ತಿದ್ದನು.

ಒಂದು ಮಾಗಿಯಲ್ಲಿ ಕಣದ ತುಂಬ ಕಡಲೆಕಾಯಿ ಒಣಹಾಕಿದ್ದರು. ಕಾಗೆಗಳ ಕಾಟ ವಿಪರೀತವಾಗಿ, ನಮ್ಮ ಚಿಕ್ಕಪ್ಪ ಕವಣೆ ಬೀಸಿ ಒಂದನ್ನು ಕೆಡವಿದರು. ಅದರ ಕಾಲಿಗೆ ಸೆಣಬಿನ ಹುರಿ ಕಟ್ಟಿ, ಕಣದ ನಡುವೆ ನೆಟ್ಟ ಬಿದಿರುಗಳುವಿಗೆ ತಲೆಕೆಳಗಾಗಿ ತೂಗುಹಾಕುವಂತೆ ಆ ಹುಡುಗನಿಗೆ ಆಜ್ಞೆಯಾಯಿತು. ಹತ್ತಿರದಿಂದ ನೋಡುವವರೆಗೂ ಕಾಗೆ ಕಪ್ಪೆಂದೇ ನಾನು ತಿಳಿದಿದ್ದೆ. ಹುರಿಯ ತುದಿಯಲ್ಲಿ ಅದು ಮೆಲ್ಲನೆ ತಿರುಗುತ್ತಿದ್ದಾಗ, ಬಿಚ್ಚಿಕೊಂಡಿದ್ದ ರೆಕ್ಕೆಯ ಮೇಲೆ ಬಿಸಿಲು ಬಿದ್ದು ನೀಲಿಯೂ ನೇರಿಳೆಯೂ ಹೊಳೆದುವು. ಕೊರಳ ಬೂದುಬಣ್ಣದ ಮೃದುವಾದ ಗರಿಗಳು ಗಾಳಿಗೆ ಅಲುಗಿದುವು. ಅರೆತೆರೆದ ಕೊಕ್ಕಿನಲ್ಲಿ ಒಂದು ಕಡಲೆಬೀಜ ಸಿಪ್ಪೆ ಸಮೇತ ಇನ್ನೂ ಸಿಕ್ಕಿಕೊಂಡಿತ್ತು. ಆಮೇಲೆ ಎಲ್ಲಿಂದ ಬಂದುವೋ, ಸುತ್ತಲ ಹೊಂಗೆಯ ಮರಗಳೆಲ್ಲ ಕಾಗೆಗಳಿಂದ ತುಂಬಿಹೋದುವು. ಕಡಲೆಕಾಯಿಯನ್ನು ಒಂದೂ ಮುಟ್ಟಲಿಲ್ಲ. ಮಧ್ಯಾಹ್ನವೆಲ್ಲ ಆ ಗಳುವಿನತ್ತ ಮುಖಮಾಡಿ ಅವು ಕೂಗಿದ ಕೂಗಿಗೆ ಮನೆಯಲ್ಲಿ ಯಾರಿಗೂ ಮಾತು ಕೇಳಿಸದಂತಾಯಿತು. ಸಂಜೆ ಗುಂಪು ಚದುರಿ ಗುಬ್ಬಿಯ ಕಡೆಗೆ ಹಾರಿದ ಮೇಲೆ, ಯಾರೂ ಹೇಳದೆಯೇ ಆ ಹುಡುಗ ಗಳು ಏರಿ ಹುರಿ ಬಿಚ್ಚಿ, ಬೇಲಿಯ ಮಗ್ಗುಲಲ್ಲಿ ಕೈಯಿಂದಲೇ ಮಣ್ಣು ತೋಡಿ ಹಕ್ಕಿಯನ್ನು ಹೂಳಿದನು.

ಮರುದಿನ, ಚಿಕ್ಕಪ್ಪ ಕಾಗೆಯನ್ನು ಕೊಂದುದು ತಿಳಿದಾಗ ಅಜ್ಜಿ ಅವರ ಮೇಲೆ ಕೆರಳಿದಳು. "ಹಿರೀಕ್ರು ಯಾವ ರೂಪದಾಗೆ ಬತ್ತಾರೋ ಯಾರು ಕಂಡವ್ರೆ! ಕಾಗೆ ಮ್ಯಾಲೆ ಕೈ ಮಾಡ್ತೀಯೇನ್ಲಾ ಪಾಪಿ?" ಎಂದು ಕಣ್ಣೀರು ತುಂಬಿಕೊಂಡು, ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚಿಸಿ ಪ್ರಾಯಶ್ಚಿತ್ತ ಮಾಡಿಸಿದಳು. ಆ ಬೆಳಗ್ಗೆಯೇ, ಅಪ್ಪಣೆಯಿಲ್ಲದೆ ಕಾಗೆಯನ್ನು ಇಳಿಸಿದನೆಂದು ಚಿಕ್ಕಪ್ಪ ಹುಡುಗನ ಬೆನ್ನಿಗೆ ಬಾರುಕೋಲಿನಿಂದ ಹೊಡೆದಿದ್ದರು. ಅಜ್ಜಿ ಅದನ್ನು ನೋಡಿದ್ದಳು. ಅದಕ್ಕೆ ಏನೂ ಹೇಳಲಿಲ್ಲ.

ಈ ಘಟನೆಯನ್ನು ನಾನು ಬಹುಕಾಲ ಅಜ್ಜಿಯ ಭೂತದಯೆಯ ನಿದರ್ಶನವೆಂದೇ ಮನೆಮಂದಿಯ ಬಾಯಲ್ಲಿ ಕೇಳಿದ್ದೇನೆ. ಆಕೆಯನ್ನು ನಾನು ಪ್ರೀತಿಸಿದಷ್ಟು ಬೇರೊಬ್ಬರನ್ನು ಪ್ರೀತಿಸಿಲ್ಲ; ಆಕೆಯ ಅಂಗೈಯ ಬಿಸುಪು ನನ್ನ ನೆತ್ತಿಯ ಮೇಲೆ ಇನ್ನೂ ಇದೆ. ಹಾಗಿದ್ದೂ ಇಂದು ಹೇಳಲೇಬೇಕು: ಆ ಮನೆಯಲ್ಲಿ ಸತ್ತವರ ಹಸಿವಿಗಿದ್ದ ಮನ್ನಣೆ ಬದುಕಿದ್ದವನ ಹಸಿವಿಗಿರಲಿಲ್ಲ. ಆಕೆ ಕಾಗೆಯಲ್ಲಿ ತಾತನನ್ನು ಕಂಡಳೇ ಹೊರತು, ಕಾಗೆಯನ್ನು ಕಾಗೆಯೆಂದು ಕಂಡವನು ಆ ಹುಡುಗನೊಬ್ಬನೇ. ಶ್ರದ್ಧೆ ದೃಷ್ಟಿಯನ್ನು ಒಂದು ಕಡೆಗೆ ತೆರೆಯುವಾಗಲೇ ಇನ್ನೊಂದು ಕಡೆಗೆ ಮುಚ್ಚಿಬಿಡಬಲ್ಲುದೆಂಬುದಕ್ಕೆ ನನ್ನ ಅನುಭವದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೆ ಇಲ್ಲ. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ 1976ರಲ್ಲಿ ಬಂದಿತು. ಆ ವೇಳೆಗೆ ಅವನ ಬಾಲ್ಯವೆಲ್ಲ ನಮ್ಮ ಕೊಟ್ಟಿಗೆಯಲ್ಲಿ ಸವೆದು, ಅವನು ಊರು ಬಿಟ್ಟು ಹೋಗಿದ್ದನು. ಅವನ ಮಗ ಸಿದ್ಧಗಂಗಾ ಮಠದ ವಿದ್ಯಾರ್ಥಿನಿಲಯದಲ್ಲಿ ಓದುತ್ತಿದ್ದಾನೆಂಬ ಸಮಾಚಾರ ಬಹಳ ವರ್ಷಗಳ ಮೇಲೆ ಕಿವಿಗೆ ಬಿದ್ದಾಗ, ಶ್ರೀ ಶಿವಕುಮಾರ ಸ್ವಾಮಿಗಳು ನಡೆಸಿಕೊಂಡು ಬಂದ ದಾಸೋಹದ ಅರ್ಥ ನನಗೆ ಹಿಂದೆಂದೂ ಆಗದಷ್ಟು ನಿಚ್ಚಳವಾಗಿ ಆಯಿತು. ಅಲ್ಲಿ ಬಡವರ ಮಕ್ಕಳು ಯಾರದೋ ಊಟ ಮುಗಿಯಲೆಂದು ಗೋಡೆಯ ಬುಡದಲ್ಲಿ ಕಾಯಬೇಕಾಗಿರಲಿಲ್ಲ. ಸಾವಿರಾರು ಮಂದಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು.

ಉಪಾಧ್ಯಾಯರಾಗಿದ್ದ ನಮ್ಮ ತಂದೆಗೆ ಕುಣಿಗಲಿಗೆ ವರ್ಗವಾದುದರಿಂದ ನನ್ನ ಪ್ರೌಢಶಾಲೆಯ ಓದು ಅಲ್ಲಿ ನಡೆಯಿತು. ಆ ಊರಿನ ದೊಡ್ಡಕೆರೆಯ ಸೊಬಗನ್ನು ಜನಪದರು ಹಾಡಿ ನಾಡಿಗೆಲ್ಲ ಹಂಚಿದ್ದಾರೆ. ಟಿಪ್ಪುವಿನ ಕಾಲದಿಂದ ಬಂದ ಕುದುರೆ ಫಾರಂ ಸಹ ಪ್ರಸಿದ್ಧವೇ. ನಮ್ಮ ಬಾಲಕರ ಗುಂಪಿಗೆ ಮಾತ್ರ ಆಕರ್ಷಣೆಯಾಗಿದ್ದುದು ಏರಿಯ ಆಚೆ ತುದಿಯಲ್ಲಿದ್ದ ಒಂದು ಮಹಾವಟವೃಕ್ಷ. ಪುಷ್ಯಮಾಸದ ಸಂಜೆಗಳಲ್ಲಿ ಅದರ ತುಂಬ ಕಾಗೆಗಳು ಇಳಿಯುತ್ತಿದ್ದುವು. ನಮ್ಮ ಕನ್ನಡ ಪಂಡಿತರು ಶಾಲೆ ಬಿಟ್ಟ ಮೇಲೆ ಏರಿಯ ಮೇಲೆ ಅಡ್ಡಾಡಲು ಬರುತ್ತಿದ್ದರು; ಹಿಂಬಾಲಿಸಿದ ಹುಡುಗರಿಗೆ ಬೇಡವೆನ್ನುತ್ತಿರಲಿಲ್ಲ. ಒಂದು ಸಂಜೆ ಆ ಮರದ ಎದುರಿಗೆ ನಿಲ್ಲಿಸಿಕೊಂಡು ಅವರು ಮಹಾಭಾರತದ ಸೌಪ್ತಿಕಪರ್ವದ ಕಥೆಯನ್ನು ಹೇಳಿದರು: ಯುದ್ಧ ಮುಗಿದ ರಾತ್ರಿ ಕೃಪ, ಕೃತವರ್ಮರೊಡನೆ ಕಾಡು ಸೇರಿದ ಅಶ್ವತ್ಥಾಮನು ನಿದ್ರೆಯಿಲ್ಲದೆ ಆಲದ ಮರದಡಿ ಕುಳಿತಿರುವಾಗ, ಕೊಂಬೆಗಳಲ್ಲಿ ನಿಶ್ಚಿಂತೆಯಿಂದ ಮಲಗಿದ್ದ ಕಾಗೆಗಳ ಮೇಲೆ ಗೂಬೆಯೊಂದು ಎರಗಿ ಕೊಂದುದನ್ನೂ, ಅದನ್ನು ಕಂಡೇ ಅವನಿಗೆ ಮಲಗಿದ್ದವರನ್ನು ಕೊಲ್ಲುವ ಕುಬುದ್ಧಿ ಹುಟ್ಟಿದುದನ್ನೂ. ಕಥೆ ಮುಗಿಸಿ, "ನೋಡ್ರಯ್ಯ, ಮಲಗಿರೋ ಜೀವಕ್ಕೆ ಕೇಡು ಬಗೆಯೋದಕ್ಕಿಂತ ದೊಡ್ಡ ಪಾತಕ ಇಲ್ಲ. ಮರಕ್ಕೆ ಯಾರೂ ಕಲ್ಲು ಹೊಡೀಬೇಡಿ" ಎಂದರು.

ಆ ಪಂಡಿತರಿಂದ ನಾನು ಕಲಿತ ವ್ಯಾಕರಣದ ಬಹುಭಾಗ ಮರೆತಿದೆ, ಆ ಮಾತು ಮರೆತಿಲ್ಲ. ಕೊರಳು ಬೂದಿಯಾದುದು ಊರುಕಾಗೆ, ಮೈಯೆಲ್ಲ ಕಪ್ಪಾಗಿ ಕೊಕ್ಕು ದಪ್ಪನಾದುದು ಕಾಡುಕಾಗೆ ಎಂದು ಭೇದವನ್ನು ತೋರಿಸಿಕೊಟ್ಟವರೂ ಅವರೇ. ಕಾವ್ಯವನ್ನು ಮರದ ಕೆಳಗೆ ನಿಂತು ಓದಿಸಿದ ಅಂತಹ ಅಧ್ಯಾಪಕರು ಅಪರೂಪ. ಆದರೆ ಆ ವಿದ್ಯೆ ದೊರೆತದ್ದು ಹಿಂಬಾಲಿಸಿ ಹೋಗಲು ಅವಕಾಶವಿದ್ದ ಗಂಡುಹುಡುಗರಿಗೆ ಮಾತ್ರ. ನನ್ನ ಅಕ್ಕ ಅದೇ ಶಾಲೆಯಲ್ಲಿ ನನಗಿಂತ ಚೆನ್ನಾಗಿ ಓದುತ್ತಿದ್ದಳು. ಸಂಜೆಯ ಏರಿ ಅವಳಿಗೆ ನಿಷಿದ್ಧವಾಗಿತ್ತು. ಸೌಪ್ತಿಕಪರ್ವದ ಕಥೆಯನ್ನು ಅವಳು ಕೇಳಿದ್ದು ರಾತ್ರಿ ಅಡುಗೆಮನೆಯಲ್ಲಿ, ನನ್ನ ಬಾಯಿಂದ. ಕೇಳಿದವಳು, "ಗೂಬೆಗೂ ಹಸಿವಿರುತ್ತೆ ಕಣೋ, ಅಶ್ವತ್ಥಾಮನಿಗೆ ಯಾವ ಹಸಿವಿತ್ತು?" ಎಂದಳು. ಆ ಪ್ರಶ್ನೆಯನ್ನು ಪಂಡಿತರ ಮುಂದೆ ತಾನೇ ಕೇಳುವ ಭಾಗ್ಯ ಅವಳಿಗೆ ಬರಲಿಲ್ಲ.

ಓದು ಮುಗಿದೊಡನೆ ತುಮಕೂರಿನ ಒಂದು ಮಂಡಿಯಲ್ಲಿ ಗುಮಾಸ್ತನಾಗಿ ಸೇರಿದೆ. ಅಡಕೆ, ಕೊಬ್ಬರಿ, ಹುಣಿಸೆಹಣ್ಣುಗಳ ವಾಸನೆ ಬೆರೆತ ಆ ಓಣಿಯಲ್ಲಿ ಬೆಳಗ್ಗೆಯಿಂದ ದೀಪ ಹಚ್ಚುವವರೆಗೆ ಚೀಟಿ ಬರೆಯುವುದು, ತೂಕ ಬರೆದುಕೊಳ್ಳುವುದು, ಖಾತೆ ಏರಿಸುವುದು. ನಮ್ಮ ಹಿರಿಯ ಗುಮಾಸ್ತರು ಮಿತಭಾಷಿಗಳು. ಹೆಂಡತಿಮಕ್ಕಳನ್ನು ಊರಲ್ಲಿ ಬಿಟ್ಟು ಬಾಡಿಗೆಯ ಒಂದು ಕೋಣೆಯಲ್ಲಿ ಬಹುವರ್ಷಗಳಿಂದ ಒಬ್ಬರೇ ಇದ್ದರು. ಅವರು ಜಿಪುಣರೆಂದೂ, ಜನರೊಡನೆ ಬೆರೆಯದವರೆಂದೂ ಮಂಡಿಯಲ್ಲಿ ಪ್ರತೀತಿ. ಮಧ್ಯಾಹ್ನ ತಮ್ಮ ಡಬ್ಬಿಯ ಅನ್ನದಲ್ಲಿ ಕಾಲುಭಾಗವನ್ನು ಗೋದಾಮಿನ ತಗಡಿನ ಮೇಲೆ ಹಾಕುತ್ತಿದ್ದರು. ಅವರು ಮೆಟ್ಟಿಲಿಳಿದರೆ ಸಾಕು, ಕಾಗೆಗಳು ತಂತಿಯಿಂದ ತಂತಿಗೆ ಹಾರುತ್ತ ಬೀದಿಯ ತಿರುವಿನವರೆಗೆ ಬರುತ್ತಿದ್ದುವು. ಬೇರೆ ಯಾರ ಹಿಂದೆಯೂ ಹೋಗುತ್ತಿರಲಿಲ್ಲ. ಕಾಗೆಗಳು ಮನುಷ್ಯರ ಮುಖವನ್ನು ಗುರುತಿಟ್ಟುಕೊಳ್ಳುತ್ತವೆಂದು ಅಂದು ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ ಜಾನ್ ಮಾರ್ಜ್‌ಲಫ್ ಎಂಬ ಪ್ರಾಧ್ಯಾಪಕರು 2006ರಲ್ಲಿ ಮುಖವಾಡ ಧರಿಸಿ ಕೆಲವು ಕಾಗೆಗಳನ್ನು ಹಿಡಿದು ಬಿಟ್ಟು, ಅನಂತರ ವರ್ಷಗಳವರೆಗೂ ಅದೇ ಮುಖವಾಡವನ್ನು ಕಂಡೊಡನೆ ಕಾಗೆಗಳು ಗುಂಪಾಗಿ ಅಟ್ಟಿಬರುವುದನ್ನು ತೋರಿಸಿಕೊಟ್ಟರು. ವೈರವನ್ನು ನೆನಪಿಡುವ ಹಕ್ಕಿ ಸ್ನೇಹವನ್ನೂ ನೆನಪಿಡುತ್ತದೆಂಬುದನ್ನು ನಮ್ಮ ಹಿರಿಯ ಗುಮಾಸ್ತರು ತಗಡಿನ ಮೇಲಿನ ಅನ್ನದಿಂದಲೇ ಅರಿತಿದ್ದರು.

ಮೊದಲ ಚಳಿಗಾಲದಲ್ಲಿ ನಾನು ಮನೆಯ ನೆನಪಿನಿಂದ ಖಿನ್ನನಾಗಿ, ಅಂಗಡಿ ಮುಚ್ಚಿದ ಮೇಲೂ ಜಗಲಿಯಲ್ಲೇ ಕುಳಿತಿರುತ್ತಿದ್ದೆ. ಒಂದು ಸಂಜೆ ಅವರು ಹತ್ತಿರ ಬಂದು ನಿಂತು, ಓಣಿಯ ಮೇಲಿನ ಆಕಾಶದಲ್ಲಿ ಸಾಲುಸಾಲಾಗಿ ಹೋಗುತ್ತಿದ್ದ ಕಾಗೆಗಳನ್ನು ತೋರಿಸಿ, "ನೋಡಪ್ಪ, ಹಗಲು ಒಂಟಿಯಾಗಿ ದುಡಿಯೋಕೆ ಇವಕ್ಕೆ ಭಯ ಇಲ್ಲ. ರಾತ್ರಿಗೆ ಭಯ. ಭಯ ಇರೋರು ಒಟ್ಟಿಗೆ ಇರಬೇಕು. ನಡಿ, ನನ್ನ ರೂಮಲ್ಲಿ ಅನ್ನ ಇದೆ" ಎಂದರು. ಅಂದಿನಿಂದ ಅವರ ಕೋಣೆಯಲ್ಲಿ ಇಬ್ಬರ ಅಡುಗೆಯಾಯಿತು. ಅನಂತರ ಬಂದ ಇನ್ನಿಬ್ಬರು ಹುಡುಗರಿಗೂ ಅಲ್ಲಿ ಚಾಪೆ ದೊರೆಯಿತು. ಮಂಡಿಯವರು ಜಿಪುಣತನವೆಂದು ಕರೆದದ್ದು, ತಿಂಗಳ ಸಂಬಳದಲ್ಲಿ ಮನೆಗೆ ಕಳಿಸಿ ಉಳಿದದ್ದನ್ನು ಪರರ ಮಕ್ಕಳಿಗಾಗಿ ಎತ್ತಿಡುವ ಮಿತವ್ಯಯವಾಗಿತ್ತು.

ಈ ಅರ್ಧಶತಮಾನದಲ್ಲಿ ಊರು ಗುರುತು ಸಿಗದಂತೆ ಬೆಳೆದಿದೆ. ಮಂಡಿಯ ಓಣಿಗಳ ವಹಿವಾಟು ಬಹುಪಾಲು ಬೇರೆಡೆಗೆ ಹೋಯಿತು. ಹೆದ್ದಾರಿಗಳು ಅಗಲವಾದಂತೆ ಇಕ್ಕೆಲದ ಹುಣಿಸೆ, ಆಲ, ಹೊಂಗೆಗಳ ಸಾಲು ಉರುಳಿದುವು. ಕುಣಿಗಲಿನ ನನ್ನ ಆ ಆಲವೂ ಇಂದಿಲ್ಲ. ಹಳ್ಳಿಯ ಹೊರಗೆ ಸತ್ತ ದನದ ಸುತ್ತ ಕುಳಿತಿರುತ್ತಿದ್ದ ರಣಹದ್ದುಗಳು, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದಿಗೆ ಬಲಿಯಾದುವು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದಕ್ಕೆ ನಿಷೇಧ ಬರುವ ವೇಳೆಗೆ ಅವುಗಳ ಆಕಾಶ ಬರಿದಾಗಿತ್ತು. ಕಾಗೆ ಉಳಿಯಿತು. ಅದು ಉಳಿದುದಕ್ಕೆ ನಾವು ಹೆಮ್ಮೆಪಡಬೇಕಾದುದೇನೂ ಇಲ್ಲ; ಬೀದಿಮೂಲೆಯಲ್ಲಿ ನಾವು ಚೆಲ್ಲುವ ಎಂಜಲೂ ಮಾಂಸದಂಗಡಿಯ ತ್ಯಾಜ್ಯವೂ ಅದನ್ನು ಸಾಕುತ್ತಿವೆ. ಎಲ್ಲಿ ಮನುಷ್ಯನ ಕಸವೋ ಅಲ್ಲಿ ಊರುಕಾಗೆ. 19ನೆಯ ಶತಮಾನದ ಕೊನೆಯಲ್ಲಿ ಕಸ ತಿನ್ನಲೆಂದು ಜಾಂಜಿಬಾರ್ ದ್ವೀಪಕ್ಕೆ ಒಯ್ದ ಈ ಹಕ್ಕಿ ಪೂರ್ವ ಆಫ್ರಿಕದ ಕರಾವಳಿಯನ್ನು ಆವರಿಸಿ, ಅಲ್ಲಿಯ ಸಣ್ಣಹಕ್ಕಿಗಳ ಮೊಟ್ಟೆಮರಿಗಳನ್ನು ಸೂರೆಗೊಂಡುದರಿಂದ, ಕೊನೆಗೆ ಹತ್ತು ಲಕ್ಷ ಕಾಗೆಗಳನ್ನು ನಿರ್ಮೂಲಗೊಳಿಸುವ ಯೋಜನೆಯನ್ನು ಕೆನ್ಯ 2024ರಲ್ಲಿ ಪ್ರಕಟಿಸಬೇಕಾಯಿತು. ಕಾಗೆಯನ್ನು ಪ್ರೀತಿಸುವವನು ಅದರ ಈ ಸ್ವಭಾವವನ್ನೂ ತಿಳಿದೇ ಪ್ರೀತಿಸಬೇಕು. ಪಿತೃಗಳ ಪ್ರತಿನಿಧಿಯೆಂದು ಪೂಜಿಸುವುದಾಗಲಿ, ತಲೆಗೆ ತಾಕಿದರೆ ಅಪಶಕುನವೆಂದು ಹೆದರುವುದಾಗಲಿ ಅದನ್ನು ನೋಡದೆ ಇರುವ ಎರಡು ಉಪಾಯಗಳು.

ಭಾದ್ರಪದದ ಕೃಷ್ಣಪಕ್ಷದಲ್ಲಿ ಈ ನಗರದ ಮಾಳಿಗೆಗಳ ಮೇಲೆ ಎಲೆಯಿಟ್ಟುಕೊಂಡು ಕಾಗೆಯ ದಾರಿ ಕಾಯುವವರನ್ನು ಪ್ರತಿವರ್ಷವೂ ನೋಡುತ್ತೇನೆ. ಅವರ ಶ್ರದ್ಧೆಗೆ ನನ್ನ ಗೌರವವಿದೆ. ಅವರಲ್ಲಿ ನನ್ನ ಅಜ್ಜಿಯ ಮುಖವೂ ಇದೆ. ಅವರೊಡನೆ ನಾನು ಹೇಳಬಯಸುವುದಿಷ್ಟೇ: ಆ ಕಾಗೆ ಎರಡು ಮೂರು ತಿಂಗಳಲ್ಲಿ ಮಾಗಿಯ ಚಳಿಗೆ ಮೈಯೊಡ್ಡಿ ಮಲಗುವುದು ನಿಮ್ಮ ಹಿರಿಯರೇ ನೆಟ್ಟ ಯಾವುದೋ ಆಲದಲ್ಲಿ, ಅರಳಿಯಲ್ಲಿ, ಹುಣಿಸೆಯಲ್ಲಿ. ಇದೇ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ, ಕುಣಿಗಲಿಗೆ ನೆರೆಯಾದ ಮಾಗಡಿ ತಾಲ್ಲೂಕಿನಲ್ಲಿ ಹುಲಿಕಲ್ಲಿನಿಂದ ಕುದೂರಿನವರೆಗೆ ಗಂಡನೊಡನೆ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಆಲದ ಸಾಲು ಕಣ್ಣೆದುರಿಗೇ ಇದೆ. ಆಕೆ ಕೂಲಿ ಮಾಡಿ ಬದುಕಿದವಳು. ನಮ್ಮ ಗೋಡೆಯ ಬುಡದಲ್ಲಿ ಊಟಕ್ಕೆ ಕಾಯುತ್ತಿದ್ದ ಹುಡುಗನ ವರ್ಗದವಳೇ. ನೋಡಬಲ್ಲ ಕಣ್ಣು ಎಲ್ಲಿರುತ್ತದೆಂಬುದನ್ನು ಅವರಿಬ್ಬರೂ ನನಗೆ ಕಲಿಸಿದ್ದಾರೆ.

ಜೀತವನ್ನು ಅಳಿಸಿದ ಕಾಯಿದೆ ಬಂದ 1976ರಲ್ಲಿಯೇ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯೂ ಬಂದಿತು. ಅಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯಲಾಗದೆಂಬ ವಿಧಿ ಅಂದಿನಿಂದ ಇದೆ. ಆದರೆ ಕಾಗದದ ಮೇಲಿನ ಅನುಮತಿ ಹಗಲಿನಲ್ಲಿ ಕೊಡಲ್ಪಡುತ್ತದೆ, ಮರದಲ್ಲಿ ಯಾರು ಮಲಗುತ್ತಾರೆಂಬುದು ತಿಳಿಯುವುದು ಇರುಳಿನಲ್ಲಿ. ಮರಕ್ಕೆ ಗುರುತು ಹಾಕುವ ಮೊದಲು ಮಾರ್ಗಶಿರದಲ್ಲಿಯೋ ಪುಷ್ಯದಲ್ಲಿಯೋ ಒಂದು ಸಂಜೆ ಬಂದು ಅದರಡಿ ನಿಂತು ನೋಡುವ ಪದ್ಧತಿ ನಮ್ಮ ಪಾಲಿಕೆಯಲ್ಲಿ ಬರಬೇಕು. ಬಡಾವಣೆಯ ಜನ ಆ ಅಧಿಕಾರಿಯ ಜೊತೆಗೆ ನಿಲ್ಲಬೇಕು. ಉಳಿದಿರುವ ಹಳೆಯ ಮರಗಳು ಎಣಿಸಿ ಹೇಳಬಹುದಾದಷ್ಟಕ್ಕೆ ಇಳಿದಿರುವ ಈ ಊರಿನಲ್ಲಿ, ಹಿರಿಯರಿಗೆ ಸಲ್ಲಬೇಕಾದ ತರ್ಪಣವನ್ನು ಅಷ್ಟರಿಂದಲಾದರೂ ಆರಂಭಿಸೋಣ. ಕಾಗೆಗೆ ಇಡುವ ಮೊದಲ ತುತ್ತು ಮುಂದೆಯೂ ಇರಲಿ. ಅದರ ಜೊತೆಗೆ, ನಮ್ಮ ಮನೆಗಳಲ್ಲಿ ದುಡಿಯುವ ಯಾರೂ ಕೊನೆಯ ತುತ್ತಿಗಾಗಿ ಗೋಡೆಯ ಬುಡದಲ್ಲಿ ಕಾಯದಿರಲಿ.